ಬಾಲ್ಯಕ್ಕೆ ಬಿಟ್ಟುಕೊಟ್ಟ ಕೋಣೆ

ನಿವೃತ್ತನಾದ ಮೂರನೆಯ ವಾರಕ್ಕೆ ತಮ್ಮನಿಗೆ ಬಾಲ್ಯ ಹಿಡಿಯಿತು. ಆ ವಯಸ್ಸಿನಲ್ಲಿ ಕೆಲವರಿಗೆ ಮಂಡಿನೋವು ಹಿಡಿಯುತ್ತದೆ, ಕೆಲವರಿಗೆ ಊರ ಉಸಾಬರಿ ಹಿಡಿಯುತ್ತದೆ. ಮೂವತ್ತೈದು ವರ್ಷ ನೀರಿನ ಕಚೇರಿಯ ಚೀಲ ಹೆಗಲಿಗೇರಿಸಿ, ಕಂಡವರ ಮನೆ ಗೇಟು ತಳ್ಳಿ, ಮೀಟರು ಓದಿ ಬರೆದುಕೊಂಡು ಬಂದ ಮನುಷ್ಯನಿಗೆ ಒಂದು ಸೋಮವಾರ ಬೆಳಿಗ್ಗೆ ಓದಲು ಮೀಟರೇ ಇಲ್ಲದಂತಾಯಿತು. ಮಗ ಕೊಡಿಸಿದ ಹೊಸ ಫೋನು ಕೈಯಲ್ಲಿತ್ತು. ಅದರಲ್ಲಿ ಬರೆಯತೊಡಗಿದ.

ಮೊದಲು ಬರೆದದ್ದು ಗೋಲಿಯಾಟದ ಬಗ್ಗೆ. ಆಮೇಲೆ ಬುಗುರಿ, ಹಳೇ ಟಯರನ್ನು ಕೋಲಿನಿಂದ ಹೊಡೆದುಕೊಂಡು ಓಡಿದ್ದು, ಬೆಂಕಿಪೊಟ್ಟಣದ ಚಿತ್ರ ಕೂಡಿಟ್ಟದ್ದು, ಸೈಕಲ್ಲಿನ ಕಂಬಿಯೊಳಗೆ ಕಾಲು ತೂರಿಸಿ ತುಳಿದದ್ದು, ಪೆನ್ನಿನ ಶಾಯಿ ಸೋರಿ ಜೇಬೆಲ್ಲ ನೀಲಿಯಾದದ್ದು. ಪ್ರತಿಯೊಂದರ ಕೊನೆಗೂ 'ಎಲ್ಲಿ ಹೋದವು ಆ ದಿನಗಳು?' ಎಂದು ಒಂದು ಸಾಲು. ಆ ಸಾಲಿಗೆ ಜನ ಮುಗಿಬಿದ್ದರು. ಮುಖಪರಿಚಯವೇ ಇಲ್ಲದವರು ಕೆಂಪು ಹೃದಯ ಒತ್ತಿದರು. ಮೀಟರು ಓದಲು ಹೋದಾಗ ಒಂದು ಲೋಟ ನೀರು ಕೊಡದಿದ್ದ ಬೀದಿಗಳಿಂದಲೇ 'ಸಾರ್, ಕಣ್ಣಲ್ಲಿ ನೀರು ಬಂತು' ಎಂದು ಬರೆದರು.

ಬರೆದದ್ದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಓದಿ ಹೇಳದಿದ್ದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

"ಕೇಳಿ, ಇವತ್ತಿಂದು ಕೇಳಿ. 'ಸಕ್ಕರೆ ಮುಗಿದರೆ ಲೋಟ ಹಿಡಿದು ಪಕ್ಕದ ಮನೆಗೆ ಓಡುತ್ತಿದ್ದೆವು. ಬಾಗಿಲು ತಟ್ಟಲು ಸಂಕೋಚವಿರಲಿಲ್ಲ. ಎಂಥ ದೊಡ್ಡ ಮನಸ್ಸಿನ ಕಾಲ ಅದು!'"

"ಓಡ್ತಿದ್ದೆವು ಅಲ್ಲ," ಅಕ್ಕ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು. "ಓಡ್ತಿದ್ದೆ. ನಾನು."

"ಅದೇ ಅಕ್ಕ. ನಾವು ಅಂದ್ರೆ ಮನೆಯವರು."

"ಆಯಮ್ಮ ಲೋಟಕ್ಕೆ ಸಕ್ಕರೆ ಹಾಕಿ, ಬೆರಳಲ್ಲಿ ಮೇಲೆ ಸವರಿ, ಸವರಿದ್ದನ್ನ ತನ್ನ ಡಬ್ಬಕ್ಕೇ ಹಾಕ್ಕೊಂಡು, ಆಮೇಲೆ ಕೊಡ್ತಿದ್ದಳು. 'ನಿಮ್ಮನೇಲಿ ಗಂಡಸರು ದುಡಿಯಲ್ವಾ?' ಅಂತ ಬೀದಿಗೆಲ್ಲ ಕೇಳೋ ಹಾಗೆ ಕೇಳಿ ಕೊಡ್ತಿದ್ದಳು. ಅದನ್ನೂ ಬರಿ."

"ಅದನ್ನ ಬರೆದ್ರೆ ಯಾರು ಓದ್ತಾರೆ?"

"ದೂರದ ಬೆಟ್ಟ ನುಣ್ಣಗೆ," ಎಂದಳು ತಮ್ಮನ ಹೆಂಡತಿ. "ಅನ್ನ ಆರಿಹೋಗ್ತಿದೆ. ಬೆಟ್ಟ ಹತ್ತಿದ್ದು ಸಾಕು, ಊಟ ಮಾಡಿ."

ಮಗ ನಕ್ಕ. ಅವನು ಬೋರ್ಡು, ಬ್ಯಾನರು ಮುದ್ರಿಸುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸೊಸೆಗೆ ಆಸ್ಪತ್ರೆಯಲ್ಲಿ ಎರಡನೇ ಪಾಳಿ, ಅವಳು ಈ ಓದಿನಿಂದ ಬಚಾವು. ಏಳು ವರ್ಷದ ಮೊಮ್ಮಗಳು ಮಾತ್ರ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಅವಳನ್ನು ಮನೆಯಲ್ಲಿ 'ಗುಂಡಿ' ಎಂದೇ ಕರೆಯುವುದು. ಅಂಬೆಗಾಲಿಡುವಾಗ ಅಕ್ಕನ ಡಬ್ಬಿಯಿಂದ ಅಂಗಿಗುಂಡಿ ನುಂಗಿ ಎರಡು ದಿನ ಮನೆಮಂದಿಯನ್ನೆಲ್ಲ ಕಾಯಿಸಿದ್ದಕ್ಕೆ ಬಂದ ಹೆಸರು.

ಅಕ್ಕ ತಮ್ಮನಿಗಿಂತ ಎಂಟು ವರ್ಷ ದೊಡ್ಡವಳು. ಅರವತ್ತೆಂಟು ತುಂಬಿತ್ತು. ಅವಳಿಗೆ ಮದುವೆಯಾಗಲಿಲ್ಲ. ಆಗಲಿಲ್ಲ ಎನ್ನುವುದಕ್ಕಿಂತ, ಮಾಡಬೇಕೆಂದು ಯಾರಿಗೂ ನೆನಪಾಗಲಿಲ್ಲ ಎನ್ನುವುದೇ ಸರಿ. ಬೀದಿಯ ಕಡೆಗಿನ ಮುಂಭಾಗದ ಕೋಣೆ ಅವಳದು. ಕಿಟಕಿಗೆ ಒತ್ತಿದಂತೆ ಹೊಲಿಗೆ ಮೆಷಿನ್ನು, ಮೆಷಿನ್ನಿಗೆ ಒತ್ತಿದಂತೆ ಮಂಚ. ಹದಿನೆಂಟನೇ ವಯಸ್ಸಿನಿಂದ ಅದೇ ಮೆಷಿನ್ನು. ತಗಡಿನ ಮಾಡು ಹೋಗಿ ತಾರಸಿ ಬಂದದ್ದು, ತಮ್ಮ ಓದು ಮುಗಿಸಿದ್ದು ಅದರಿಂದಲೇ. ಮನೆ ಮಾತ್ರ ತಮ್ಮನ ಹೆಸರಿನಲ್ಲಿತ್ತು. ಕಾಲಲ್ಲಿ ತುಳಿಯುವ ಯಂತ್ರ ಅದು. ನಾಲ್ಕು ವರ್ಷದ ಹಿಂದೆ ಮಂಡಿ ಕೈಕೊಟ್ಟಾಗ ಅದಕ್ಕೊಂದು ಪುಟ್ಟ ಮೋಟರು ಹಾಕಿಸಿಕೊಂಡಿದ್ದಳು. ಶಾಲಾ ಸಮವಸ್ತ್ರದ ಅಂಗಡಿಯಿಂದ ಕತ್ತರಿಸಿದ ಬಟ್ಟೆ ಬರುತ್ತಿತ್ತು. ಇವಳು ಹೊಲಿದು, ಗುಂಡಿ ತೂರಲು ಕೈಯಲ್ಲೇ ಕಾಜಾ ಹಾಕಿ, ಗುಂಡಿ ಕೂರಿಸಿ ಕಳಿಸುತ್ತಿದ್ದಳು. ಅಕ್ಕನ ಕಾಜಾ ಎಂದರೆ ಅಂಗಿ ಹರಿದರೂ ಕಾಜಾ ಹರಿಯುವುದಿಲ್ಲ ಎನ್ನುವ ಮಾತಿತ್ತು. ಅವಳಿಗೆ ಇದ್ದ ಜಂಬ ಅದೊಂದೇ.

ಬರೆಯುವುದಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಎರಡನೆಯ ತಿಂಗಳಿಗೆ ತಮ್ಮ ಹಳೇ ಸಾಮಾನು ತರತೊಡಗಿದ. ಓದಿ ಕಣ್ಣೀರು ಹಾಕಿದವರೆಲ್ಲ ಅಟ್ಟ ಗುಡಿಸಿ ಕಸ ಇವನ ತಲೆಗೆ ಕಟ್ಟಿದರು. ಸೀಮೆಎಣ್ಣೆ ಸ್ಟೌ, ಇದ್ದಿಲ ಇಸ್ತ್ರಿಪೆಟ್ಟಿಗೆ, ಬೆರಳು ತೂರಿಸಿ ತಿರುಗಿಸುವ ಫೋನು, ಮೂಗನಾದ ರೇಡಿಯೋ, ಅಂಚು ಒಡೆದ ಸ್ಲೇಟುಗಳು. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು.

ತಮ್ಮನ ಹೆಂಡತಿ ಒರೆಸುವ ಬಟ್ಟೆ ಹಿಡಿದು ಅಕ್ಕನ ಬಾಗಿಲಿಗೆ ಬಂದು ನಿಂತಳು. "ನೋಡಿದ್ರಾ ಅಕ್ಕ, ನಿಮ್ಮ ತಮ್ಮನ ಕಾರುಬಾರು? ಆ ಸ್ಟೌಗೆ ಪಂಪ್ ಹೊಡೆದು ಹೊಡೆದು ನನ್ನ ರಟ್ಟೆ ಬಿದ್ದುಹೋಗಿತ್ತು. ಸದ್ಯ, ಪೀಡೆ ತೊಲಗ್ತು ಅಂತ ಮೂವತ್ತು ವರ್ಷದಿಂದ ನೆಮ್ಮದಿಯಾಗಿದ್ದೆ. ಈಗ ಅದನ್ನ ದಿನಾ ಹುಣಸೆಹಣ್ಣು ಹಾಕಿ ತಿಕ್ಕಬೇಕಂತೆ!"

"ಒಂದಿನ ಅದರಲ್ಲೇ ಅಡುಗೆ ಮಾಡಿ ಬಡಿಸು. ಹುಚ್ಚು ಬಿಟ್ಟುಹೋಗತ್ತೆ."

"ದಿನಾ ಮಾಡಿಸಿಬಿಡ್ತಾರೆ ಅಂತ ಭಯ. ಅಡುಗೆ ನನ್ನದು, ಫೋಟೋ ಅವರದು."

ಇಬ್ಬರೂ ನಕ್ಕರು. ಆದರೆ ಆ ವಾರವೇ ಒಂದು ಶಾಲೆಯಿಂದ ಕರೆ ಬಂತು. ನಿಮ್ಮ ಹಳೇ ವಸ್ತುಗಳನ್ನೂ ಹಳೇ ಆಟಗಳನ್ನೂ ನಮ್ಮ ಮಕ್ಕಳಿಗೆ ತೋರಿಸಿ ಎಂದು ಟೀಚರಮ್ಮ ಕೇಳಿದರಂತೆ. ತಮ್ಮ ಆ ರಾತ್ರಿ ಏನೂ ಓದಲಿಲ್ಲ. ಸೌತೆಕಾಯಿ ಹೋಳನ್ನು ತಟ್ಟೆಯಲ್ಲಿ ಆಚೀಚೆ ತಳ್ಳುತ್ತ ಕೂತಿದ್ದ.

"ಅಕ್ಕ, ಒಂದು ಮಾತು."

"ಹೇಳು."

"ನಡುಮನೇಲಿ ಇಪ್ಪತ್ತು ಮಕ್ಕಳು ಹಿಡಿಸಲ್ಲ. ಬೀದಿಯಿಂದ ನೇರ ಒಳಗೆ ಬರೋ ಹಾಗಿರೋದು ನಿನ್ನ ಕೋಣೆ ಒಂದೇ."

ಅಕ್ಕ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. "ನಾನೆಲ್ಲಿ ಹೋಗ್ಲಿ?"

"ಹೋಗೋದೇನು? ಅಡುಗೆಮನೆಗೂ ಬಚ್ಚಲಿಗೂ ಮಧ್ಯೆ ಇದೆಯಲ್ಲ, ಅಲ್ಲಿ ಮಂಚ ಹಿಡಿಸತ್ತೆ. ಅಳತೆ ತಗೊಂಡಿದ್ದೀನಿ."

ಅಳತೆ ತೆಗೆದುಕೊಂಡ ಮೇಲೆ ಕೇಳುತ್ತಿದ್ದಾನೆ ಎಂಬುದು ಅಕ್ಕನಿಗೆ ನಾಟಿತು. "ಶಾಲೆ ಶುರುವಾಗೋ ತಿಂಗಳು ಇದು. ಮೂಟೆ ಮೂಟೆ ಕೆಲಸ ಬಂದಿದೆ. ಕಿಟಕಿ ಬೆಳಕಿಲ್ದೆ ಕಾಜಾ ಹಾಕೋಕಾಗಲ್ಲ. ಮೆಷಿನ್ನು?"

"ಮೆಷಿನ್ನು ಅಲ್ಲೇ ಇರ್ಲಿ. ಅದೇ ಅಲ್ವಾ ಮುಖ್ಯ! ಅಂಥ ಮೆಷಿನ್ನು ಈಗ ಎಲ್ಲಿದೆ?"

"ಇಲ್ಲಿದೆ. ನಾನು ಹೊಲೀತಿದ್ದೀನಿ."

"ಹದಿನೈದೇ ದಿನ ಅಕ್ಕ. ಮುಂದಿನ ವಾರದ ಭಾನುವಾರ ಮಕ್ಕಳು ಬಂದು ಹೋಗ್ಲಿ, ಮಾರನೇ ದಿನವೇ ನಿನ್ನ ಕೋಣೆ ನಿನಗೆ. ಅಷ್ಟಕ್ಕೂ ಇನ್ನೆಷ್ಟು ದಿನ ಹೊಲೀತೀಯ? ನಿನಗೇನು ಊಟಕ್ಕೆ ಕಡಿಮೆ ಮಾಡಿದ್ದೀವಾ?"

ಈ ಮಾತಿಗೆ ಉತ್ತರ ಕೊಟ್ಟರೂ ತಪ್ಪು, ಬಿಟ್ಟರೂ ತಪ್ಪು. ಅಕ್ಕ ತಮ್ಮನ ಹೆಂಡತಿಯ ಮುಖ ನೋಡಿದಳು. ಅವಳು ನೀರಿನ ಜಗ್ಗು ತುಂಬಿಯೇ ಇದ್ದರೂ ಅದನ್ನು ಮತ್ತೆ ತುಂಬಿಸಲು ಎದ್ದಳು. "ನಡುಮನೆ ಒಂದು ಖಾಲಿಯಾದ್ರೆ ಸಾಕಾಗಿದೆ ಅಕ್ಕ," ಎಂದಳು ಬೆನ್ನು ಹಾಕಿಕೊಂಡೇ. "ಹದಿನೈದು ದಿನ ತಾನೆ."

ಮಂಚ ಹಿತ್ತಲ ಬಾಗಿಲಿಗೆ ಹೋಗುವ ಒಳ ಓಣಿಗೆ ಹೋಯಿತು. ಒಂದು ಕಡೆ ಒಲೆಯ ಬಿಸಿ, ಒಂದು ಕಡೆ ಬಚ್ಚಲಿನ ತೇವ. ರಾತ್ರಿ ಯಾರು ಬಚ್ಚಲಿಗೆ ಹೋದರೂ ಅವಳ ಕಾಲು ದಾಟಿಯೇ ಹೋಗಬೇಕು. ಮೇಲೆ ಒಂದು ಹಳದಿ ಬಲ್ಬು. ಹೊಲಿಗೆ ಮುಗಿಸಿದ್ದ ಇಪ್ಪತ್ತು ಅಂಗಿಗೆ ಕಾಜಾ ಹಾಕುವುದು ಬಾಕಿ ಇತ್ತು. ಮಂಚದ ಮೇಲೆ ಕಾಲು ಮಡಚಿ ಕೂತು ಅಲ್ಲೇ ಶುರುಮಾಡಿದಳು. ಗುಂಡಿ ಶಾಲೆಯಿಂದ ಬಂದವಳು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಳು.

"ದೊಡ್ಡಜ್ಜಿ, ತಾತ ಹೇಳಿದ ಕಣ್ಣಾಮುಚ್ಚಾಲೆ ನೀನೂ ಆಡ್ತಿದ್ದಾ?"

"ನಾನು ಅಜ್ಜಿ ಆಗ್ತಿದ್ದೆ."

"ಆವಾಗ್ಲೇನಾ? ಚಿಕ್ಕವಳಿದ್ದಾಗ್ಲೇನಾ?"

ಅಕ್ಕ ವಿವರಿಸಿದಳು. ಆ ಆಟದಲ್ಲಿ ಒಬ್ಬರು ಬಚ್ಚಿಟ್ಟುಕೊಳ್ಳುವುದೂ ಇಲ್ಲ, ಹುಡುಕುವುದೂ ಇಲ್ಲ. ಒಂದು ಕಡೆ ಕೂತು, ಹುಡುಕುವವರ ಕಣ್ಣು ಮುಚ್ಚುತ್ತಾರೆ. ಬಚ್ಚಿಟ್ಟುಕೊಂಡವರು ಸಿಕ್ಕಿಬೀಳುವ ಮೊದಲು ಓಡಿಬಂದು ಅವರನ್ನು ಮುಟ್ಟಿದರೆ ಪಾರು. ಹಾಗೆ ಕೂತವರನ್ನು ಅಜ್ಜಿ ಎನ್ನುವುದು. ಬೇರೆ ಮಕ್ಕಳು ಸರದಿಯ ಮೇಲೆ ಅಜ್ಜಿಯಾಗುತ್ತಿದ್ದರು. ಅಕ್ಕ ಒಂಬತ್ತನೇ ವಯಸ್ಸಿಗೆ ಕೂತವಳು ಏಳಲೇ ಇಲ್ಲ.

"ಯಾಕೆ ಏಳಲಿಲ್ಲ?"

"ದಾರ ಕೊಡು," ಎಂದಳು ಅಕ್ಕ.

ಅಂಗಿಗಳನ್ನು ಅಂಗಡಿಗೆ ಕೊಟ್ಟು ಬಂದ ಮಾರನೆಯ ದಿನ ಒಡತಿ ಹೇಳಿಕಳಿಸಿದಳು. ಅಕ್ಕ ಹೋದಾಗ ಗಾಜಿನ ಮೇಜಿನ ಮೇಲೆ ಇಪ್ಪತ್ತು ಅಂಗಿ ಹರಡಿದ್ದವು. ಒಡತಿ ಒಂದನ್ನು ಬಾಗಿಲ ಬೆಳಕಿಗೆ ಹಿಡಿದಳು. ಅಂಗಿ ಕರಿಹಸಿರು. ಕಾಜಾಕ್ಕೆ ಹಾಕಿದ್ದ ದಾರ ಕರಿನೀಲಿ.

ಅಕ್ಕ ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು. ದಾರ ಕರಿನೀಲಿಯೇ ಇತ್ತು.

"ಐವತ್ತು ವರ್ಷ ಆಯ್ತಮ್ಮ," ಎಂದಳು. "ಇವತ್ತಿನವರೆಗೂ ಒಂದು ಅಂಗಿ ವಾಪಸ್ ಬಂದಿಲ್ಲ."

"ನನಗೆ ಗೊತ್ತಿಲ್ವಾ ಅಕ್ಕ? ನಮ್ಮಮ್ಮ ಅಂಗಡಿ ನೋಡ್ಕೋತಿದ್ದಾಗಿಂದ ನೀವೇ ಹೊಲೀತಿರೋದು. ಏನಾಯ್ತು?"

ಅಕ್ಕ ಬಲ್ಬಿನ ವಿಷಯ ಹೇಳಿದಳು. ಕೋಣೆಯ ವಿಷಯ ಹೇಳಿದಳು. ಬೇರೆಯವರ ಮುಂದೆ ಮನೆಯ ಮಾತು ಆಡಿದ್ದು ಅದೇ ಮೊದಲು.

"ಇಲ್ಲೇ ಬಂದು ಕೂತು ಹೊಲೀರಿ," ಎಂದಳು ಒಡತಿ. "ಮೆಷಿನ್ನು ಇದೆ, ಟ್ಯೂಬ್‌ಲೈಟ್ ಇದೆ. ಕಟಿಂಗ್ ಮಾಸ್ತರು ಕೆಲಸ ಬಿಟ್ಟ ಮೇಲೆ ಮೇಲಿನ ಕೋಣೆ ಬೀಗ ಹಾಕೇ ಇದೆ. ಬೇಕಾದ್ರೆ ಅಲ್ಲೇ ಇರಿ. ಅಲ್ಲಿ ಕಿಟಕಿ ಕೂಡ ಇದೆ."

"ಛೆ, ಮನೆ ಇಟ್ಕೊಂಡು ಅಂಗಡಿ ಮೇಲೆ ಮಲಗೋದಾ? ಭಾನುವಾರ ಆಗ್ಲಿ, ನನ್ನ ಕೋಣೆ ನನಗೆ ಬರತ್ತೆ. ಕಿಟಕಿ ಬೆಳಕಲ್ಲಿ ಕೂತೇ ಇವನ್ನ ಬಿಚ್ಚಿ ಮತ್ತೆ ಹಾಕಿಕೊಡ್ತೀನಿ," ಎಂದು ಗಂಟು ಕಟ್ಟಿಕೊಂಡು ಮನೆಗೆ ಬಂದಳು. ದಾರಿಯುದ್ದಕ್ಕೂ ಆ ಗಂಟನ್ನು ಯಾರಾದರೂ ನೋಡಿಯಾರೆಂದು ಸೆರಗಿನ ಮರೆಗೆ ಸರಿಸಿಕೊಳ್ಳುತ್ತಲೇ ಇದ್ದಳು.

ಕೋಣೆಯಿಂದ ಡ್ರಿಲ್ಲಿನ ಸದ್ದು ಬರುತ್ತಿತ್ತು. ತಮ್ಮನ ಮಗ ಏಣಿ ಹತ್ತಿ ಬಾಗಿಲ ಮೇಲೆ ಬೋರ್ಡು ಕೂರಿಸುತ್ತಿದ್ದ. 'ನಮ್ಮ ಬಾಲ್ಯ.' ದಪ್ಪ ಅಕ್ಷರ, ನಾಲ್ಕು ಮೂಲೆಗೂ ಸ್ಕ್ರೂ.

"ಹದಿನೈದು ದಿನಕ್ಕೆ ಸ್ಕ್ರೂ ಯಾಕಪ್ಪ? ಮೊಳೆ ಸಾಲದಾ?" ಅಕ್ಕ ಕೇಳಿದಳು.

"ಇಲ್ಲ ಅತ್ತೆ, ಇನ್ನೂ ಮೂರು ಶಾಲೆಯವರು ಕೇಳಿದ್ದಾರಲ್ಲ. ಪ್ರತಿ ಭಾನುವಾರ ಒಂದೊಂದು. ಅಪ್ಪ ಹೇಳ್ಲಿಲ್ವಾ?"

ಅಪ್ಪ ಹೇಳಿರಲಿಲ್ಲ. ಅಪ್ಪ ಒಳಗೆ ಮೆಷಿನ್ನಿನ ಮುಂದೆ ಮಂಡಿಯೂರಿ ಮರಕ್ಕೆ ವಾರ್ನಿಶ್ ಬಳಿಯುತ್ತಿದ್ದ. ಮೆಷಿನ್ನಿನ ಮೈಮೇಲೆ ಮಗ ಮುದ್ರಿಸಿ ತಂದ ಚೀಟಿ: 'ದಯವಿಟ್ಟು ಮುಟ್ಟಬೇಡಿ.' ಅಕ್ಕ ಚೀಟಿ ನೋಡಿದಳು, ವಾರ್ನಿಶ್ ನೋಡಿದಳು, ಆಮೇಲೆ ಗಾಲಿಯ ಪಕ್ಕ ನೋಡಿದಳು.

"ಮೋಟರೆಲ್ಲಿ?"

"ತೆಗೆಸಿದೆ ಅಕ್ಕ. ಅದು ಪ್ಲಾಸ್ಟಿಕ್‌ದು. ಅಷ್ಟು ಚಂದದ ಹಳೇ ಮೆಷಿನ್ನಿಗೆ ಅದೊಂದು ಕಪ್ಪು ಚುಕ್ಕೆ. ನೋಡು ಈಗ, ಹೇಗೆ ಕಾಣ್ತಿದೆ! ಅಪ್ಪಟ ಹಳೇದು."

"ನನ್ನ ಮಂಡಿ?"

"ಏನು?"

"ಮೆಷಿನ್ನು ಹಳೇದಾಯ್ತು, ಸರಿ. ನನ್ನ ಮಂಡಿ ಅದಕ್ಕಿಂತ ಹಳೇದಲ್ವಾ ತಮ್ಮ? ತುಳಿಯೋದು ಯಾರು?"

"ಯಾರೂ ತುಳಿಯೋದು ಬೇಡ ಅಂತಾನೇ ಅಲ್ವಾ ಹೇಳ್ತಿರೋದು! ಸಾಕು ಮಾಡು. ಜನ ಏನಂತಾರೆ? ಅರವತ್ತೆಂಟು ವರ್ಷದ ಅಕ್ಕನ ಕೈಲಿ ತಮ್ಮ ಹೊಲಿಗೆ ಹೊಲಿಸ್ತಿದ್ದಾನೆ ಅನ್ನಲ್ವಾ?"

"ಹದಿನೆಂಟಕ್ಕೆ ಹೊಲಿಸಿದಾಗ ಅನ್ನಲಿಲ್ಲ."

ತಮ್ಮ ಬ್ರಷ್ಷನ್ನು ಡಬ್ಬಿಗೆ ಎಸೆದ. ವಾರ್ನಿಶ್ ನೆಲಕ್ಕೆ ಸಿಡಿಯಿತು. "ನಿನಗೆ ನಾನು ಏನು ಮಾಡಿದ್ರೂ ಹುಳುಕು! ಊರೆಲ್ಲ ಮೆಚ್ಕೊಳ್ಳತ್ತೆ, ಈ ಮನೇಲಿ ಮಾತ್ರ ಮುಖ ಗಂಟು. ಅಷ್ಟು ಚಂದದ ಬಾಲ್ಯ ಇತ್ತು ನಮಗೆ. ಅದರಲ್ಲಿ ಒಂದಾದ್ರೂ ಒಳ್ಳೇದು ನಿನಗೆ ನೆನಪಿಲ್ವಾ?"

ಅಕ್ಕ ನಿಜವಾಗಿಯೂ ಯೋಚಿಸಿದಳು. ಸೀಮೆಎಣ್ಣೆಯ ಸಾಲು ನೆನಪಾಯಿತು. ನಾಲ್ಕನೇ ತರಗತಿಯ ಬೆಂಚು, ಅದರ ಮೇಲೆ ತನ್ನ ಜಾಗದಲ್ಲಿ ಬೇರೆ ಯಾರೋ ಕೂತದ್ದು ನೆನಪಾಯಿತು. ಬೀದಿಯ ಮಕ್ಕಳೆಲ್ಲ ಕತ್ತಲಾಗುವವರೆಗೂ ಆಡಿ ಬೆವರಿದ ವಾಸನೆಯೂ ನೆನಪಾಯಿತು. ಅದು ಚೆನ್ನಾಗಿತ್ತು. ಆದರೆ ಬೆವರು ಅವರದು.

"ಭಾನುವಾರ ಆದ ಮೇಲೆ ಕೋಣೆ ಕೊಡ್ತೀಯೋ ಇಲ್ವೋ? ಅದೊಂದು ಹೇಳು."

"ನೋಡೋಣ," ಎಂದ ತಮ್ಮ.

ನೋಡೋಣ ಎಂದರೆ ಇಲ್ಲ ಎಂದು ಆ ಮನೆಯಲ್ಲಿ ಗುಂಡಿಗೂ ಗೊತ್ತಿತ್ತು. ಅಕ್ಕ ಎರಡು ದಿನ ಎಂದಿನಂತೆ ಮನೆಗೆಲಸ ಮಾಡಿದಳು. ತರಕಾರಿ ಹೆಚ್ಚಿಕೊಟ್ಟಳು, ಬಟ್ಟೆ ಮಡಚಿದಳು. ಅಂಗಿಗಳ ಗಂಟನ್ನು ಮಾತ್ರ ಬಿಚ್ಚಲಿಲ್ಲ. ಅದು ಮಂಚದ ಕೆಳಗೆ ಹಾಗೇ ಇತ್ತು.

ಭಾನುವಾರ ಬೆಳಿಗ್ಗೆ ಇಪ್ಪತ್ತೆರಡು ಮಕ್ಕಳು ಬಂದರು. ಟೀಚರಮ್ಮ ಫೋನು ಎತ್ತಿ ಹಿಡಿದೇ ಒಳಗೆ ಬಂದರು. ತಮ್ಮ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಅದನ್ನು ಹೊಲಿದದ್ದು ಯಾರೆಂದು ಹೇಳಬೇಕಾಗಿಲ್ಲ. ಸ್ಟೌ ತೋರಿಸಿದ, ಸ್ಲೇಟು ತೋರಿಸಿದ. ಮಕ್ಕಳು ಸ್ಲೇಟಿನ ಮೇಲೆ ಬೆರಳಿಟ್ಟು ಜಾರಿಸಿ ನೋಡಿದರು. ಏನೂ ಬದಲಾಗದ್ದನ್ನು ಕಂಡು ಕೆಳಗಿಟ್ಟರು. ಮೆಷಿನ್ನಿನ ಸುತ್ತ ಹಗ್ಗ ಕಟ್ಟಿತ್ತು.

"ಈಗ ಆಟ!" ತಮ್ಮ ಚಪ್ಪಾಳೆ ತಟ್ಟಿದ. ನಡುಮನೆಯ ಮಧ್ಯೆ ಕುರ್ಚಿ ಹಾಕಿಸಿದ. "ಕಣ್ಣಾಮುಚ್ಚಾಲೆಗೆ ಅಜ್ಜಿ ಬೇಕಲ್ಲ? ನಮ್ಮನೇಲಿ ಒಬ್ಬರು ಖಾಯಂ ಅಜ್ಜಿ ಇದ್ದಾರೆ. ನಮ್ಮಕ್ಕ! ಚಿಕ್ಕಂದಿನಿಂದ ಅವಳಿಗೆ ಅಜ್ಜಿ ಆಗೋದು ಅಂದ್ರೆ ಪ್ರಾಣ. ಬೇರೆ ಯಾರಿಗೂ ಬಿಟ್ಟುಕೊಡ್ತಾನೇ ಇರಲಿಲ್ಲ. ಅಕ್ಕ, ಬಾ!"

ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಟೀಚರಮ್ಮನ ಫೋನು ಅವಳ ಕಡೆ ತಿರುಗಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು, "ನೀವು ಯಾಕೆ ಬಚ್ಚಿಟ್ಕೊಳ್ತಿರಲಿಲ್ಲ ಅಜ್ಜಿ?"

"ಇವನು ನನ್ನ ಕಂಕುಳಲ್ಲಿರ್ತಿದ್ದ," ಅಕ್ಕ ತಮ್ಮನ ಕಡೆ ಗಲ್ಲ ಎತ್ತಿ ತೋರಿಸಿದಳು. "ಇಳಿಸಿದ್ರೆ ಅಳೋನು. ಅಳೋ ಮಗು ಎತ್ಕೊಂಡು ಎಲ್ಲಿ ಬಚ್ಚಿಟ್ಕೊಂಡ್ರೂ ಸಿಕ್ಕಿಬೀಳ್ತೀವಿ. ಎತ್ಕೊಂಡು ಓಡೋಕೂ ಆಗಲ್ಲ. ಅದಕ್ಕೆ ಅಜ್ಜಿ ಮಾಡಿ ಕೂರಿಸ್ತಿದ್ದರು. ಶಾಲೆಯೂ ಅದಕ್ಕೇ ಬಿಟ್ಟಿದ್ದು."

ಎಲ್ಲರೂ ನಕ್ಕರು. ಟೀಚರಮ್ಮ "ಎಷ್ಟು ಮುದ್ದಾಗಿ ಮಾತಾಡ್ತಾರೆ!" ಎಂದರು. ತಮ್ಮನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ. "ನೋಡಿ, ಹೇಗಿತ್ತು ನೋಡಿ ಆಗಿನ ಪ್ರೀತಿ!" ಎಂದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಒಬ್ಬಳೇ ನಗಲಿಲ್ಲ.

ಹುಡುಕುವ ಸರದಿ ಗುಂಡಿಯದಾಯಿತು. ಅಕ್ಕ ಅವಳನ್ನು ಮಡಿಲ ಹತ್ತಿರ ಎಳೆದುಕೊಂಡು ಎರಡೂ ಅಂಗೈಯಿಂದ ಕಣ್ಣು ಮುಚ್ಚಿದಳು. ಮಕ್ಕಳು ಮನೆಯ ಮೂಲೆಮೂಲೆಗೆ ಚದುರಿದರು. ಪರದೆಯ ಹಿಂದೆ, ಬಾಗಿಲ ಹಿಂದೆ, ನೀರಿನ ಡ್ರಮ್ಮಿನ ಹಿಂದೆ. ಟೀಚರಮ್ಮನೂ ತಮ್ಮನೂ ಅವರ ಹಿಂದೆ ಫೋನು ಹಿಡಿದು ಹೋದರು. ಗುಂಡಿ ಎಣಿಸತೊಡಗಿದಳು. ಹತ್ತು ದಾಟುವಷ್ಟರಲ್ಲಿ ನಡುಮನೆಯಲ್ಲಿ ಇವರಿಬ್ಬರೇ ಉಳಿದರು.

"ನೂರು ಎಣಿಸು," ಅಕ್ಕ ಅವಳ ಕಿವಿಯಲ್ಲಿ ಹೇಳಿದಳು. ಮಗುವಿನ ಕೈಗಳನ್ನು ಹಿಡಿದು ಅವಳ ಕಣ್ಣಿನ ಮೇಲೇ ಇಟ್ಟಳು. "ನೀನೇ ಮುಚ್ಕೋ. ಕಳ್ಳನೋಟ ನೋಡ್ಬಾರ್ದು."

ಎದ್ದಳು. ಕೋಣೆಗೆ ಹೋಗಿ ಹಗ್ಗ ದಾಟಿದಳು. ಮೆಷಿನ್ನಿನ ತಟ್ಟೆ ಸರಿಸಿ, ಕೆಳದಾರದ ಬಾಬಿನ್ ಕೂರುವ ಪುಟ್ಟ ಉಕ್ಕಿನ ಗೂಡನ್ನು ಹೊರತೆಗೆದಳು. ಅದಿಲ್ಲದೆ ಮೆಷಿನ್ನು ಓಡದು. ದಿನಾ ಎಣ್ಣೆ ಹಾಕಿ ಒರೆಸಿ ಇಟ್ಟುಕೊಂಡಿದ್ದ ವಸ್ತು, ವಾರ್ನಿಶ್ ತಾಗದೆ ಉಳಿದದ್ದು ಅದೊಂದೇ. ಓಣಿಗೆ ಬಂದು ಕತ್ತರಿ, ಕನ್ನಡಕದ ಡಬ್ಬಿ ಎತ್ತಿಕೊಂಡಳು. ಮಂಚದ ಕೆಳಗಿನಿಂದ ಗಂಟು ಎಳೆದರೆ ಅದರ ಹಿಂದೆ ಒಬ್ಬ ಹುಡುಗ ಮುದುರಿ ಕೂತಿದ್ದ.

"ನೀವೂ ಬಚ್ಚಿಟ್ಕೊಳ್ತೀರಾ?" ಹುಡುಗ ಪಿಸುಗುಟ್ಟಿದ.

"ಹೂಂ. ಯಾರಿಗೂ ಹೇಳ್ಬೇಡ."

ಹಿತ್ತಲ ಬಾಗಿಲು ತೆರೆದು ಹೊರಬಿದ್ದಳು. ಗುಂಡಿ ಆಗ ನಲವತ್ತೊಂದು, ನಲವತ್ತೆರಡು ಎನ್ನುತ್ತಿದ್ದಳು.

ಶಾಲೆ ಶುರುವಾಗುವ ತಿಂಗಳಾದ್ದರಿಂದ ಅಂಗಡಿ ಭಾನುವಾರವೂ ತೆರೆದಿತ್ತು. ಒಡತಿ ಗಂಟು ನೋಡಿದಳು, ಮುಖ ನೋಡಿದಳು, ಟ್ಯೂಬ್‌ಲೈಟಿನ ಕೆಳಗೆ ಕುರ್ಚಿ ಸರಿಸಿದಳು. ಅಕ್ಕ ಕರಿನೀಲಿ ದಾರ ಬಿಚ್ಚತೊಡಗಿದಳು. ಬಟ್ಟೆ ಹಿಂಜದಂತೆ ಬಿಚ್ಚಬೇಕು. ಹಾಕುವುದಕ್ಕಿಂತ ಬಿಚ್ಚುವುದೇ ಹೆಚ್ಚು ಹೊತ್ತು ಹಿಡಿಯುತ್ತದೆ. ಗಿರಾಕಿಗಳು ಬಂದರು, ಹೋದರು. ಮಧ್ಯಾಹ್ನ ಒಡತಿ ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟಳು.

ಪ್ರತಿ ಸಲ ಬಾಗಿಲಲ್ಲಿ ನೆರಳು ಬಿದ್ದಾಗಲೂ ಅಕ್ಕನ ಸೂಜಿ ನಿಲ್ಲುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂದು ಗಾದೆ. ಇಲ್ಲಿ ಆ ಕೂಸು ಹೊತ್ತವಳನ್ನು ಹುಡುಕಲು ಯಾರೂ ಬರಲಿಲ್ಲ. ಮನೆಯಿಂದ ಅಂಗಡಿಗೆ ಎರಡೇ ಬೀದಿ.

ನಾಲ್ಕು ಗಂಟೆಯ ಹೊತ್ತಿಗೆ ಒಡತಿ ಫೋನು ನೋಡುತ್ತಿದ್ದವಳು, "ಅಕ್ಕ, ನಿಮ್ಮ ತಮ್ಮ ಏನೋ ಹಾಕಿದ್ದಾರೆ," ಎಂದಳು. ನಡುಮನೆಯ ಮಧ್ಯದ ಖಾಲಿ ಕುರ್ಚಿಯ ಚಿತ್ರ. ಒಡತಿ ಓದಿದಳು: "'ಇಂದು ನಮ್ಮಕ್ಕ ಮತ್ತೆ ಮಗುವಾದಳು. ಆಟದ ನಡುವೆ ತಾನೇ ಬಚ್ಚಿಟ್ಟುಕೊಂಡು ಎಲ್ಲರನ್ನೂ ನಗಿಸಿದಳು. ವಯಸ್ಸಾಗುವುದು ದೇಹಕ್ಕೆ, ಬಾಲ್ಯಕ್ಕಲ್ಲ. ಎಲ್ಲಿ ಹೋದವು ಆ ದಿನಗಳು?'" ಅವಳು ತಡೆದು ಹೇಳಿದಳು, "ಆರುನೂರು ಜನ ಹೃದಯ ಒತ್ತಿದ್ದಾರೆ."

"ಎಷ್ಟು ಗಂಟೆಗೆ ಹಾಕಿದ್ದು?"

"ಹನ್ನೆರಡಕ್ಕೆ."

ಅಂದರೆ ಅವಳು ಹೊರಬಿದ್ದ ಸ್ವಲ್ಪ ಹೊತ್ತಿಗೇ, ಹುಡುಕುವ ಮೊದಲೇ ಬರೆದಿದ್ದ. ಅಕ್ಕನಿಗೆ ಅಳು ಬರಲಿಲ್ಲ. ಕೈಯಲ್ಲಿದ್ದ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟಳು. "ಆ ಮೇಲಿನ ಕೋಣೆ ಬೀಗದ ಕೈ ಎಲ್ಲಿದೆ?" ಎಂದಳು.

ದೀಪ ಹಚ್ಚುವ ಹೊತ್ತಿಗೆ ತಮ್ಮ ಬಂದ. ಅದೇ ಬಿಳಿ ಅಂಗಿ, ಅಲ್ಲಲ್ಲಿ ಮಕ್ಕಳ ಕೈಗುರುತು. ಬಾಗಿಲಲ್ಲೇ ನಿಂತು ನಗಲು ನೋಡಿದ.

"ಇಲ್ಲಿದ್ದೀಯಾ? ಮನೆಯೆಲ್ಲ ಹುಡುಕಿದ್ವಿ. ಗುಂಡಿ ಅತ್ತೂ ಅತ್ತೂ ಜ್ವರ ಬರಿಸ್ಕೊಂಡಿದ್ದಾಳೆ."

ಅಕ್ಕ ತಲೆ ಎತ್ತಿದಳು. "ಜ್ವರ ಇಳಿದ ಮೇಲೆ ಅವಳನ್ನ ದಿನಾ ಶಾಲೆ ಮುಗಿಸಿ ಇಲ್ಲಿಗೆ ಕಳಿಸು. ದಾರ ಪೋಣಿಸಿಕೊಡಬೇಕು."

"ಇಲ್ಲಿಗಾ? ಅಂದ್ರೆ ನೀನು... ಸರಿ, ಸಿಟ್ಟು ಇಳಿಯೋವರೆಗೆ ಇರು, ನಾನೇನು ಬೇಡ ಅನ್ನಲ್ಲ." ಅವನು ಒಂದು ಹೆಜ್ಜೆ ಒಳಗೆ ಬಂದ. ದನಿ ತಗ್ಗಿಸಿದ. "ಅಕ್ಕ, ಆ ಟೀಚರಮ್ಮ ಮೆಷಿನ್ನು ಓಡಿಸಿ ತೋರಿಸಿ ಅಂದ್ರು. ನೋಡಿದ್ರೆ ಒಳಗಿನ ಬಾಬಿನ್ ಗೂಡೇ ಇಲ್ಲ. ಮುಂದಿನ ಭಾನುವಾರದವರಿಗೂ ಓಡಿಸಿ ತೋರಿಸ್ತೀನಿ ಅಂದುಬಿಟ್ಟಿದ್ದೀನಿ. ನೀನು ತಗೊಂಡು ಬಂದಿದ್ದೀಯಾ?"

ಅಕ್ಕ ಕಾದಳು. ಇನ್ನೊಂದು ಪ್ರಶ್ನೆ ಬರಬಹುದು ಎಂದು ಕಾದಳು. ಊಟ ಮಾಡಿದೆಯಾ ಎಂದು ಕೇಳಿದ್ದರೂ ಸಾಕಿತ್ತು, ಗಂಟು ಕಟ್ಟಿಕೊಂಡು ಎದ್ದುಬಿಡುತ್ತಿದ್ದಳೋ ಏನೋ. ಅವನು ಅಂಗೈ ಚಾಚಿ ನಿಂತಿದ್ದ. ಸಣ್ಣವನಿದ್ದಾಗ ಹಾಗೇ ಚಾಚುತ್ತಿದ್ದ.

ಅಕ್ಕ ಆ ಗೂಡನ್ನು ಜೇಬಿನಿಂದ ತೆಗೆದು ಅವನ ಅಂಗೈಯಲ್ಲಿಟ್ಟಳು. ಸೀರೆಯುಟ್ಟರೂ ರವಿಕೆಗೊಂದು ಜೇಬು ಇಟ್ಟುಕೊಂಡು ಹೊಲಿಯುವುದು ಅವಳ ಅಭ್ಯಾಸ.

ತಮ್ಮ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಹತ್ತನೇ ವಯಸ್ಸಿನ ಚಡ್ಡಿಯಿಂದ ಹಿಡಿದು ನಿವೃತ್ತಿಯ ದಿನದ ಅಂಗಿಯವರೆಗೆ ಅವನು ತೊಟ್ಟದ್ದರಲ್ಲಿ ಮುಕ್ಕಾಲು ಪಾಲು ಅಕ್ಕನ ಕೈಯಿಂದಲೇ ಬಂದದ್ದು. "ಇದನ್ನ ಯಾವ ಕಡೆಯಿಂದ ಹಾಕೋದು ಅಕ್ಕ?" ಎಂದು ಕೇಳಿದ.

"ಅಲ್ಲೇ ಚೀಟಿ ಅಂಟಿಸಿದ್ದೀಯಲ್ಲ."

"ಯಾವ ಚೀಟಿ?"

"ಮುಟ್ಟಬೇಡಿ ಅಂತ," ಎಂದಳು ಅಕ್ಕ. "ಮುಟ್ಟಬೇಡ."

ತಮ್ಮ ಇನ್ನೂ ಏನೋ ಹೇಳುವವನಿದ್ದ. ಅಕ್ಕ ಏಳನೆಯ ಅಂಗಿಯನ್ನು ಮಡಿಲಿಗೆಳೆದುಕೊಂಡು, ಹೊಸ ದಾರವನ್ನು ದೀಪದ ಹತ್ತಿರ ಹಿಡಿದು, ಕರಿಹಸಿರು ಹೌದೋ ಅಲ್ಲವೋ ಎಂದು ಎರಡೆರಡು ಸಲ ನೋಡಿದಳು.